ಡ್ರಾಫ್ಟಿನಲ್ಲಿಟ್ಟ ಜಗಳ

ಮಾನ್ವಿಯಿಂದ ಪೋತ್ನಾಳದ ಕಡೆಗೆ ಹೊರಟರೆ, ಊರು ಮುಗಿಯಿತು ಅನ್ನುವಷ್ಟರಲ್ಲಿ ಸುಭಾಷ್ ಸಾಹುಕಾರರ ರೈಸ್ ಮಿಲ್ಲು ಬರುತ್ತದೆ. ಆ ಮಿಲ್ಲಿನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದಿನ ಕುರ್ಚಿ ಫರ್ಹೀನಳದು. ಅದರ ಮೇಲೆ ಬೇರೆ ಯಾರಾದರೂ ಕೂತರೆ ಅವಳು ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಪಕ್ಕದಲ್ಲಿ ನಿಂತು, ಕೂತವರಿಗೆ ಬೆವರು ಕಿತ್ತುಕೊಳ್ಳುವ ತನಕ ನೋಡುತ್ತಾಳೆ, ಅಷ್ಟೆ. ಸಾಹುಕಾರರೇ ಒಮ್ಮೆ ಕೂತು ಎದ್ದುಹೋಗಿದ್ದಾರೆ ಅಂದ ಮೇಲೆ ಮಿಕ್ಕವರ ಮಾತೇನು!

ರಾಯಚೂರಿನ ಹುಡುಗಿ. ಮದುವೆಯಾಗಿ ಮಾನ್ವಿಗೆ ಬಂದ ಮರುವರ್ಷವೇ ಈ ಮಿಲ್ಲಿಗೆ ಸೇರಿದಳು. ಗಂಡ ಜಮೀರ್ ಬಸ್ ಸ್ಟ್ಯಾಂಡಿನ ಮುಂದೆ ಹಣ್ಣಿನ ಅಂಗಡಿ ಇಟ್ಟವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಅತ್ತೆ ಮುನ್ನೀ ಬೀ ಆಡುತ್ತಾಳೆ. ಸೊಸೆ ದುಡಿಯಲು ಹೊರಟಾಗ ಓಣಿಯ ಹೆಂಗಸರು ಮೂಗು ಮುರಿದರೆ, "ನನ್ನ ಸೊಸಿ ಸಾವ್ಕಾರ್ರ ಬಲಗೈ ಆಗ್ಯಾಳ. ನಿಮ್ಮ ಸೊಸಿ ಏನಾಗ್ಯಾಳ?" ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದಳು. ಬಲಗೈ ಅನ್ನುವ ಮಾತು ಫರ್ಹೀನಳ ತಲೆಗೇರಿತು. ಏರಿದ್ದು ಇಳಿಯಲೇ ಇಲ್ಲ.

ಇಳಿಯಬೇಕಾದರೂ ಯಾಕೆ? ಸುಭಾಷ್ ಸಾಹುಕಾರರು ಭತ್ತದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ಇನ್ನೂ ಹಸಿ ಇದೆಯೋ ಒಣಗಿದೆಯೋ ಹೇಳಬಲ್ಲವರು. ಕಂಪ್ಯೂಟರ್ ಮಾತ್ರ ಅವರ ಪಾಲಿಗೆ ಬೆಳಕು ಬರುವ ಡಬ್ಬಿ. ಹೈದರಾಬಾದಿನ ವ್ಯಾಪಾರಿ ಏನು ಬರೆದ, ಚೀಲದ ಕಂಪನಿಯವರು ಹೋದ ವರ್ಷ ಏನು ಒಪ್ಪಿಕೊಂಡಿದ್ದರು, ಎಲ್ಲದಕ್ಕೂ ಒಂದೇ ಕೂಗು: "ಏನವಾ ಫರ್ಹೀನ್, ಆ ಮೇಲ್ ಎಲ್ಲಿ ಅದ ನೋಡು!" ಆ ಕೂಗಿಗೆ ಅವಳು ಬೇಕೆಂದೇ ಸ್ವಲ್ಪ ತಡಮಾಡಿ, ಕನ್ನಡಕ ಒರೆಸಿಕೊಂಡು, ದುಪಟ್ಟಾ ಸರಿಮಾಡಿಕೊಂಡು, ಆಮೇಲೆ ಹುಡುಕಿ ಕೊಡುತ್ತಿದ್ದಳು. ಕಾಯುತ್ತಾ ನಿಂತ ಸಾಹುಕಾರರನ್ನು ನೋಡುವುದರಲ್ಲಿ ಅವಳಿಗೆ ಒಂದು ಖುಷಿ ಇತ್ತು.

ಇನ್ನೊಂದು ಕೆಲಸವೂ ಇತ್ತು. ಅದು ಅವಳನ್ನು ಮತ್ತು ದೇವರನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಸಾಹುಕಾರರ ಸಿಟ್ಟು ಅಂದರೆ ಸಿಟ್ಟು. ಆದರೆ ಫೋನಿನಲ್ಲಿ ಬೈಯುವುದು ಅವರಿಗೆ ಸೇರದು. "ಫೋನಿನಾಗ ಬೈದ್ರ ಗಾಳಿಗಿ ಹೋಗ್ತದ. ಬರದು ಬೈಬೇಕು, ಎದಿಯಾಗ ನಟ್ಟಿರಬೇಕು" ಅನ್ನುವರು. ಆಫೀಸಿನ ಆ ಗೋಡೆಯಿಂದ ಈ ಗೋಡೆಗೆ ತಿರುಗಾಡುತ್ತಾ, ಲಾರಿಯವನಿಗೋ ಚೀಲದವನಿಗೋ ಕೊನೆಗೆ ಸ್ವಂತ ಹೆಂಡತಿಯ ತಮ್ಮನಿಗೋ ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಬರೆಸುವರು. ಫರ್ಹೀನ್ ಒಂದು ಶಬ್ದವನ್ನೂ ಬಿಡದೆ ಟೈಪ್ ಮಾಡುವಳು. "ಕಳ್ಸಿದ್ಯಾ?" "ಕಳ್ಸೀನ್ರಿ." ಸಾಹುಕಾರರು ಮುಖ ತೊಳೆದು ಚಹಾ ಕುಡಿದು ಮಗುವಿನ ಹಾಗೆ ಆಗುವರು.

ಅವಳು ಕಳಿಸಿರುತ್ತಿರಲಿಲ್ಲ. ಬರೆದ ಮೇಲ್ ಕಳಿಸದೆ ಇಟ್ಟರೆ ಅದು ಡ್ರಾಫ್ಟ್ ಅನ್ನುವ ಜಾಗದಲ್ಲಿ ಕೂತುಕೊಳ್ಳುತ್ತದೆ. ಮರುದಿನ ಸಾಹುಕಾರರು ಕುತ್ತಿಗೆ ಕೆರೆದುಕೊಳ್ಳುತ್ತಾ, "ನಿನ್ನಿ ಬರಸಿದ್ದು ಸ್ವಲ್ಪ ಜಾಸ್ತಿ ಆತೇನವಾ?" ಎಂದರೆ, "ನೆಟ್ ಇರ್ಲಿಲ್ರೀ, ಇನ್ನಾ ಹೋಗಿಲ್ಲ" ಅನ್ನುವಳು. ಅವರ ಮುಖ ಅರಳುವುದು. ಅವರು ಕೇಳದೇ ಹೋದರೆ ಇವಳು ಹೇಳುತ್ತಿರಲಿಲ್ಲ, ಬೈಗುಳ ಅಲ್ಲೇ ಕೂತಿರುತ್ತಿತ್ತು. ಇದು ಸವಾಬಿನ ಕೆಲಸ, ಪುಣ್ಯ ಬರುತ್ತದೆ ಎಂದೇ ಅವಳ ನಂಬಿಕೆ. ಜೊತೆಗೆ, ಇಡೀ ಮಿಲ್ಲಿನಲ್ಲಿ ಯಾರಿಗೂ ಗೊತ್ತಿಲ್ಲದ್ದು ತನಗೊಬ್ಬಳಿಗೇ ಗೊತ್ತು ಅನ್ನುವ ಸವಿ. ಪುಣ್ಯಕ್ಕಿಂತ ಅದೇ ಹೆಚ್ಚು ರುಚಿಸುತ್ತಿತ್ತು ಎಂದರೆ ಅವಳು ಜಗಳಕ್ಕೇ ಬಂದಾಳು, ಇರಲಿ.

ಹಾಗೆ ಕೂತುಹೋದ ಬೈಗುಳಗಳಲ್ಲಿ ಒಂದು ದೇವದುರ್ಗದ ಬೀರೇಶ ಸಾಹುಕಾರರಿಗೆ ಬರೆದದ್ದು. ಬೀರೇಶ ಭತ್ತದ ವ್ಯಾಪಾರಿ, ಸುಭಾಷ್ ಸಾಹುಕಾರರ ಜೊತೆ ಒಂದೇ ಕಾಲೇಜಿನಲ್ಲಿ ಕಲಿತವರು, ಒಂದೇ ತಟ್ಟೆಯಲ್ಲಿ ಉಂಡವರು. ಅವರು ಒಂದು ದಿನ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ನಾಲ್ಕು ಮಂದಿಯ ಮುಂದೆ, "ನಮ್ಮ ಸುಭಾಷನ ಚೀಲದಾಗ ಹಳಿ ಅಕ್ಕಿ ಹೊಸಾ ಅಕ್ಕಿ ಗಂಡ ಹೆಂಡ್ತಿ ಹಂಗ ಕೂಡಿರ್ತಾವ" ಎಂದು ನಗೆಯಾಡಿದ್ದರು. ಇವರು ನಗಲಿಲ್ಲ. ಮಿಲ್ಲಿಗೆ ಬಂದು ಬರೆಸಿದರು. ಆ ಸಲ ಮರುದಿನ ಕುತ್ತಿಗೆ ಕೆರೆದುಕೊಳ್ಳಲೂ ಇಲ್ಲ. "ಬೀರೇಶಂದು ಜವಾಬು ಬಂತೇನ?" ಎಂದೇ ಕೇಳಿದರು. "ಇಲ್ರೀ." ಮರುದಿನ ಮತ್ತೆ ಕೇಳಿದರು. "ಇಲ್ರೀ." ಕಳಿಸಿಯೇ ಇಲ್ಲ ಎಂದು ಹೇಳುವ ಹೊತ್ತು ಹಾಗೆ ಕೇಳಿಕೊಳ್ಳುತ್ತಲೇ ಜಾರಿಹೋಯಿತು. ಬೀರೇಶರ ಫೋನು ಬಂದರೆ ಸಾಹುಕಾರರು ಎತ್ತುತ್ತಿರಲಿಲ್ಲ. "ಮೊದ್ಲು ನನ್ನ ಮೇಲಿಗೆ ಜವಾಬು ಕೊಡ್ಲಿ" ಅನ್ನುವರು. ಬೀರೇಶರು ಭತ್ತದ ಧಾರಣೆ ಬರೆದು ಮೇಲ್ ಕಳಿಸಿದರೆ, "ಅಷ್ಟು ಬೈದ್ರೂ ಧಾರಣಿ ಕಳಸ್ತಾನ, ನಾಚಿಕಿ ಇಲ್ಲದಾಂವ!" ಎಂದು ಇನ್ನಷ್ಟು ಉರಿದುಕೊಳ್ಳುವರು. ಕೆಲವು ವರ್ಷ ಹೀಗೇ ನಡೆಯಿತು. ಕೊನೆಗೆ ಧಾರಣೆ ಬರುವುದೂ ನಿಂತಿತು.

ಇಷ್ಟು ಆದ ಮೇಲೆ ಸವತಿ ಬಂದಳು.

ಸಾಹುಕಾರರ ಫೋನಿನಲ್ಲಿ ಒಂದು ಏಐ ಸಹಾಯಕಿ ಇತ್ತು. ಬಾಯಿಯಲ್ಲಿ ಕೇಳಿದರೆ ಬಾಯಿಯಲ್ಲೇ ಉತ್ತರ ಕೊಡುವುದು. ಮಳೆ ಯಾವಾಗ, ಮ್ಯಾಚ್ ಏನಾಯ್ತು ಎಂದು ಕೇಳುತ್ತಿದ್ದರು. "ಇದಕ್ಕ ಲೋಕದ ಸುದ್ದಿ ಎಲ್ಲಾ ಗೊತ್ತದ, ನಮ್ಮ ಮಿಲ್ಲಿನ ಸುದ್ದಿ ಮಾತ್ರ ಗೊತ್ತಿಲ್ಲ ನೋಡು" ಎಂದು ಒಂದು ದಿನ ಕೃಷ್ಣನ ಮುಂದೆ ಅಂದರು. ಕೃಷ್ಣ ರಾಯಚೂರಿನಿಂದ ಬಂದು ಮಿಲ್ಲಿನ ಕಂಪ್ಯೂಟರ್ ರಿಪೇರಿ ಮಾಡಿಕೊಡುವವನು.

"ಅದಕ್ಕ ನಿಮ್ಮ ಮೇಲ್ ಕಾಣಂಗಿಲ್ರಿ" ಅಂದ ಕೃಷ್ಣ. "ಈಗ ಮೇಲ್ ಹುಡುಕೋ ಟೂಲ್ ಅಂತ ಬಂದದ. ಅದನ್ನ ಇದಕ್ಕ ಜೋಡಿಸಿಬಿಟ್ರ ನೀವು ಬಾಯಿಲೆ ಕೇಳೂದು, ಅದು ಹುಡುಕಿ ಹೇಳೂದು."

"ಅದೆಲ್ಲಾ ಯಾಕ್ರೀ?" ಫರ್ಹೀನ್ ಕುರ್ಚಿಯಿಂದಲೇ ಅಂದಳು. "ನಾನಿಲ್ಲೇನು?"

ಯಾರೂ ಕೇಳಿಸಿಕೊಳ್ಳಲಿಲ್ಲ. ಕೃಷ್ಣ ಜೋಡಿಸಿಯೇ ಬಿಟ್ಟ. ಸಾಹುಕಾರರು ಫೋನನ್ನು ಬಾಯಿಯ ಹತ್ತಿರ ಹಿಡಿದು, "ಚೀಲದ ಕಂಪನಿಯವ್ರು ಹೋದ ವರ್ಷ ಚೀಲಾ ಹರಿದಾವಂತ ಒಪ್ಪಿಕೊಂಡ ಮೇಲ್ ಹುಡುಕು" ಅಂದರು. ಫರ್ಹೀನ್ ಕನ್ನಡಕ ಒರೆಸಿಕೊಳ್ಳಲು ಕೈ ಹಾಕಿದ್ದಳು. ಕನ್ನಡಕ ಮೂಗಿನ ಮೇಲೆ ಕೂರುವಷ್ಟರಲ್ಲಿ ಆ ಫೋನಿನ ಹೆಣ್ಣುದನಿ, "ಸಿಕ್ಕಿದೆ, ಓದಲೇ?" ಎಂದಿತು. ಸಾಹುಕಾರರು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷದಲ್ಲಿ ಫರ್ಹೀನಳಿಗೆ ಅವರು ಒಮ್ಮೆಯಾದರೂ ಚಪ್ಪಾಳೆ ತಟ್ಟಿದ್ದರೇ? ತಟ್ಟಿದ್ದರೆ ಅವಳಿಗೆ ನೆನಪಿರುತ್ತಿತ್ತು.

ಆವತ್ತು ಹೊಟ್ಟೆಯಲ್ಲಿ ಹತ್ತಿದ ಉರಿ ಮತ್ತೆ ಆರಲಿಲ್ಲ. ದಿನವಿಡೀ ಕೇಳಿಬರುತ್ತಿದ್ದ "ಏನವಾ ಫರ್ಹೀನ್" ಈಗ ಅಪರೂಪವಾಯಿತು. ಸಾಹುಕಾರರು ಅಂಗಳದಲ್ಲಿ ನಿಂತೇ ಫೋನಿಗೆ ಕೇಳುವರು, ಅದು ಅಲ್ಲೇ ಹೇಳುವುದು, ಅವರು ಅಲ್ಲೇ ನಗುವರು. ಆ ನಗು ಕಿಟಕಿಯಿಂದ ಒಳಗೆ ಬಂದು ಅವಳನ್ನು ಚುಚ್ಚುವುದು. ಅದರ ಕನ್ನಡವೂ ಅವಳಿಗೆ ಆಗದು. "ಏನ್ ವೈಯಾರ! 'ಸಿಕ್ಕಿದೆ, ಓದಲೇ' ಅಂತದ. ಅದಕ್ಕ ಚಹಾ ತರಾಕ ಬರ್ತದೇನ? ಮನಿಗಿ ಬಂದವ್ರಿಗಿ ಕೂಡ್ರಿ ಅನ್ನಾಕ ಬರ್ತದೇನ?" ಎಂದು ಮಿಲ್ಲಿನ ಕಸಗುಡಿಸುವ ಪಾರ್ವತೆಮ್ಮನ ಮುಂದೆ ಗೊಣಗಿದಳು. "ನಿಮಗರ ಎಲ್ಲಿ ಚಹಾ ತರಾಕ ಬರ್ತದ್ರೀ ಅಕ್ಕಾರ, ತರಾಕಿ ನಾನು" ಎಂದು ಪಾರ್ವತೆಮ್ಮ ಅಂದಳು.

ಮನೆಯಲ್ಲೂ ಬಿಡುಗಡೆ ಇಲ್ಲ. ಸೊಸೆ ರೊಟ್ಟಿಯನ್ನು ತವೆಗೆ ಬಡಿಯುವ ರೀತಿ ನೋಡಿಯೇ ಮುನ್ನೀ ಬೀ ಪತ್ತೆ ಹಚ್ಚಿದಳು. "ಕ್ಯಾ ಗೇ, ದಫ್ತರ್ ಮೇಂ ಸೌಕನ್ ಆಗಯೀ ಕ್ಯಾ?" ಆಫೀಸಿಗೆ ಸವತಿ ಬಂದಳೇನೇ ಎಂದು ಅತ್ತೆ ಕೇಳಿದ್ದು ನಗೆಗೆ. ಫರ್ಹೀನಳಿಗೆ ಅದು ನಿಜವೆಂದೇ ಅನ್ನಿಸಿತು. ಸವತಿಯಾದರೆ ಜಡೆ ಹಿಡಿದು ಎಳೆಯಬಹುದಿತ್ತು. ಇದಕ್ಕೆ ಜಡೆಯೂ ಇಲ್ಲ.

ಜಡೆ ಇಲ್ಲದಿದ್ದರೂ ವೈರ್ ಇತ್ತಲ್ಲ. ಮೇಜಿನ ಕೆಳಗಿನ ಇಂಟರ್ನೆಟ್ ವೈರನ್ನು ಕಾಲಿನಿಂದ ಮೆಲ್ಲಗೆ ಸಡಿಲಿಸಿ, "ನೆಟ್ ಹೋಗ್ಯದ್ರೀ, ಏನು ಬೇಕಿತ್ತು ಹೇಳ್ರಿ, ನಾ ಹುಡುಕ್ತೀನಿ" ಅಂದಳು. ಸಾಹುಕಾರರು, "ಇದು ಫೋನಿನ ನೆಟ್ ಮ್ಯಾಲೆ ನಡೀತದಂತವಾ" ಎಂದು ಹೊರಟುಹೋದರು. ವೈರ್ ತೆಗೆದದ್ದಕ್ಕೆ ನೆಟ್ ಇಲ್ಲದೆ ಕೂತವಳು ಇವಳೇ.

ಮುಂದಿನ ಸಲ ಕೃಷ್ಣ ಬಂದಾಗ, "ಅಕ್ಕಾರ, ಈಗ ಬರೇ ಇನ್‌ಬಾಕ್ಸ್ ಜೋಡಿಸೀನಿ. ಉಳಿದದ್ದು ಜೋಡಿಸ್ಲೋ ಬ್ಯಾಡೋ ನೀವೇ ಹೇಳ್ಬೇಕು. ಪಾಸ್‌ವರ್ಡ್ ನಿಮ್ಮ ಹತ್ರ ಅದ" ಅಂದ. ಬ್ಯಾಡ ಅನ್ನಬೇಕಿತ್ತು. ಬ್ಯಾಡ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೊಟ್ಟೆಕಿಚ್ಚಿನವರ ಬುದ್ಧಿ ಎಲ್ಲಿ ನೆಟ್ಟಗೆ ಓಡುತ್ತದೆ! ಅಷ್ಟೂ ವರ್ಷದ ಕಸ, ಜಾಹೀರಾತು, ಹಾಳುಮೂಳು ಎಲ್ಲವನ್ನೂ ಅದರ ಬಾಯಿಗೆ ತುರುಕಿದರೆ ಗಂಟಲು ಕಟ್ಟಿ ಸತ್ತೀತು ಎಂದು ಅವಳ ಲೆಕ್ಕ. "ಎಲ್ಲಾ ಜೋಡಿಸಪಾ! ಒಂದೂ ಬಿಡಬ್ಯಾಡ. ಎಷ್ಟು ಹುಡುಕ್ತದೋ ಹುಡುಕ್ಲಿ" ಎಂದು, ಪರದೆಯ ಮೇಲೆ ಬಂದ ಪ್ರತಿಯೊಂದು ಚೌಕಕ್ಕೂ ತಾನೇ ಟಿಕ್ ಹಾಕಿದಳು. ಡ್ರಾಫ್ಟಿಗೂ ಹಾಕಿದಳು. ಹಾಕುವಾಗ ನೆನಪಾಗಲಿಲ್ಲ.

ಅದರ ಗಂಟಲೇನೂ ಕಟ್ಟಲಿಲ್ಲ.

ಕೆಲವು ದಿನಗಳ ಮೇಲೆ ದೇವದುರ್ಗದಿಂದ ಒಂದು ಮದುವೆ ಕಾರ್ಡು ಬಂತು. ಬೀರೇಶರ ಮಗಳ ಮದುವೆ. ಸಾಹುಕಾರರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ನೋಡವಾ, ಅಷ್ಟು ಬರಸಿದ್ರೂ ಕಾರ್ಡು ಕಳಿಸ್ಯಾನ. ಮೆತ್ತಗ ಬೈದಿದ್ನೇನು ನಾನು?" ಎಂದು ಫೋನು ತೆಗೆದರು. "ಬೀರೇಶಗ ನಾ ಜಬರದಸ್ತ್ ಬೈದು ಕಳ್ಸಿದ ಮೇಲ್ ಹುಡುಕು."

ಟಿಕ್ ಹಾಕಿದ್ದು ಫರ್ಹೀನಳಿಗೆ ಆಗ ನೆನಪಾಯಿತು.

"ಬೀರೇಶ ಅವರಿಗೆ ಕಳುಹಿಸಿದ ಮೇಲ್‌ಗಳಲ್ಲಿ ಅಂಥದ್ದು ಇಲ್ಲ" ಎಂದಿತು ಫೋನು. "ಆದರೆ ನೀವು ಹೇಳಿದ್ದಕ್ಕೆ ಹೊಂದುವ ಒಂದು ಮೇಲ್ ಡ್ರಾಫ್ಟಿನಲ್ಲಿದೆ. ಅದನ್ನು ಕಳುಹಿಸಿಲ್ಲ."

"ಡ್ರಾಫ್ಟ್ ಅಂದ್ರ?"

"ಬರೆದು, ಕಳುಹಿಸದೆ ಇಟ್ಟದ್ದು. ಇಂಥವು ಇನ್ನೂ ಬಹಳ ಇವೆ. ಓದಲೇ?"

ಓದಿತು. ಲಾರಿಯವನಿಗೆ ಬೈದದ್ದು, ಚೀಲದವನಿಗೆ ಬೈದದ್ದು, ಹೆಂಡತಿಯ ತಮ್ಮನಿಗೆ ಬೈದದ್ದು, ಒಂದಾದ ಮೇಲೊಂದು, ಪಾಠ ಒಪ್ಪಿಸುವ ಹಾಗೆ. ಸಾಹುಕಾರರು ಕೂತುಬಿಟ್ಟರು. ಬೈಯುತ್ತಾರೆ ಎಂದು ಫರ್ಹೀನ್ ಕಾದಳು. ಬೈದಿದ್ದರೆ ಒಳ್ಳೆಯದಿತ್ತು.

"ಹಂಗಾರ ನಾ ಬೈದದ್ದು ಯಾರಿಗೂ ಮುಟ್ಟೇ ಇಲ್ಲೇನವಾ?" ಎಂದರು ಕೊನೆಗೆ.

"ಇಲ್ರೀ."

"ಎಲ್ಲಾರೂ ಹೆದ್ರಿ ಸುಮ್ಮನಾಗ್ಯಾರ ಅಂತ ನಾ ತಿಳ್ಕೊಂಡಿದ್ದೆ."

ಅವಳು ಏನಾದರೂ ಹೇಳಬೇಕಿತ್ತು. ಗಂಟಲು ಕಟ್ಟಿತ್ತು, ಅವಳದೇ.

"ನಾಳಿ ದೇವದುರ್ಗಕ್ಕ ಹೋಗೂದದ. ನೀನೂ ಬಾ" ಎಂದು ಸಾಹುಕಾರರು ಎದ್ದರು. "ಬೀರೇಶನ ಮುಂದ ನೀನೇ ನಿಂತು ಹೇಳು. ಈ ಕುರ್ಚಿ ನಿನಗಿರ್ತದೋ ಇಲ್ಲೋ, ಅದಾದ ಮ್ಯಾಲೆ ನೋಡೋಣ."

ಕಾರು ಸಿರವಾರ ದಾಟಿ ದೇವದುರ್ಗದ ಕಡೆಗೆ ಹೊರಟಿತು. ಹಿಂದಿನ ಸೀಟಿನಲ್ಲಿ ಕೂತ ಫರ್ಹೀನಳಿಗೆ ಕುರ್ಚಿ ಹೋಯಿತು ಅನ್ನುವ ಸಂಕಟ ಒಂದು ಕಡೆ. ಮುಂದಿನ ಸೀಟಿನಲ್ಲಿ, ಸಾಹುಕಾರರ ಪಕ್ಕದಲ್ಲಿ, ಆ ಫೋನು ಹಾಯಾಗಿ ಕೂತಿದೆಯಲ್ಲ ಅನ್ನುವ ಉರಿ ಇನ್ನೊಂದು ಕಡೆ. ಅಲ್ಲಿ ಕೂರುತ್ತಿದ್ದವಳು ತಾನು! ಬ್ಯಾಂಕಿಗೆ ಹೋದರೆ, ರಾಯಚೂರಿಗೆ ಹೋದರೆ ಅದು ತನ್ನ ಜಾಗ. ತನ್ನ ಕೆಲಸವನ್ನು ಕಸಿದುಕೊಂಡದ್ದು ಸಾಲದೆ ತನ್ನನ್ನೇ ಹಿಡಿದುಕೊಟ್ಟಿತು, ಅದೂ ಎಷ್ಟು ಮೆತ್ತಗಿನ ದನಿಯಲ್ಲಿ.

ಬೀರೇಶರು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಮೀಸೆ ಪೂರಾ ಬೆಳ್ಳಗಾಗಿತ್ತು. ಇವರನ್ನು ನೋಡಿ ಏಳಲಿಲ್ಲ.

"ಬರ್ರಿ ಸಾವ್ಕಾರ್ರ. ದಾರಿ ನೆನಪಿತ್ತೇನು?" ಎಂದರು. ಗೆಳೆಯನಿಗೆ ಬಹುವಚನ ಹಚ್ಚಿದ್ದು ಕೇಳಿ ಸುಭಾಷ್ ಸಾಹುಕಾರರ ಮುಖ ಸಣ್ಣದಾಯಿತು.

"ನಿನಗೊಂದು ಮೇಲ್ ಬರಸಿದ್ದೆ. ಮುಟ್ಟಿಲ್ಲಂತ ನಿನ್ನಿ ಗೊತ್ತಾತು. ಕೇಳು" ಎಂದು ಅವರು ಫೋನು ಮುಂದೆ ಹಿಡಿದರು. ಫೋನು, "ನೀನು ನನ್ನ ಅಕ್ಕಿಯನ್ನು ಕಲಬೆರಕೆ ಎಂದೆ" ಎಂದು, ಸಾಹುಕಾರರ ಮಾತನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿ, ರೇಡಿಯೋ ವಾರ್ತೆಯ ಹಾಗೆ ಶುರುಮಾಡಿತು.

ಫರ್ಹೀನಳಿಗೆ ತಡೆಯಲಾಗಲಿಲ್ಲ. "ಹಂಗಲ್ರೀ ಅದು! ಕೊಡ್ರಿ ಇಲ್ಲಿ, ನಾ ಓದ್ತೀನಿ" ಎಂದು ಫೋನು ಕಸಿದುಕೊಂಡಳು. ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಅದು ಓದುವುದನ್ನು ಕೇಳುತ್ತಾ ನಿಲ್ಲುವುದಕ್ಕಿಂತ ಇದೇ ಮೇಲು. ಸಾಹುಕಾರರು ಅಂದು ಎಲ್ಲಿ ಕೂಗಿದ್ದರೋ ಅಲ್ಲಿ ಕೂಗಿದಳು, ಎಲ್ಲಿ ಮೇಜು ಗುದ್ದಿದ್ದರೋ ಅಲ್ಲಿ ಕಟ್ಟೆ ಗುದ್ದಿದಳು. "ನಿನ್ನ ನೆರಳೂ ನನ್ನ ಮಿಲ್ಲಿನ ಅಂಗಳಕ್ಕ ಬೀಳಬಾರದು! ನನ್ನ ಅಕ್ಕಿ ಕೂಡಿಸಿದ್ದಂದಾಂವ ನನ್ನ ಪಾಲಿಗಿ ಸತ್ತ!" ಓದಿ ಮುಗಿಸಿದಾಗ ಅವಳಿಗೆ ಏದುಸಿರು ಬಂದಿತ್ತು.

"ಇದು ಕಳಸಲಾರದ ಇಟ್ಟಾಕಿ ನಾನ್ರೀ" ಅಂದಳು. "ಸಾವ್ಕಾರ್ರ ತಪ್ಪಿಲ್ಲ. ನಿಮ್ಮಿಬ್ಬರ ಗೆಳೆತನ ಕೆಡಬಾರದಂತ ಇಟ್ಟೆ."

ಬೀರೇಶರು ಸುಭಾಷ್ ಸಾಹುಕಾರರ ಕಡೆ ತಿರುಗಿದರು.

"ಲೇ ಸುಭಾಷ್ಯಾ, ಇದು ಆವತ್ತೇ ಬಂದಿದ್ರ ಸಂಜಿಗೇ ಬಂದು ನಿನ್ನ ಕೊರಳಪಟ್ಟಿ ಹಿಡೀತಿದ್ದೆ. ನೀನೂ ಹಿಡೀತಿದ್ದಿ. ಬಡಿದಾಡಿ, ನಿಮ್ಮ ಮನ್ಯಾಗೇ ಉಂಡು ಬರ್ತಿದ್ದೆ. ಏನೂ ಬರ್ಲಿಲ್ಲ. ಫೋನು ಮಾಡಿದ್ರ ಎತ್ತಲಿಲ್ಲ ನೀನು. ಏನು ತಪ್ಪು ಮಾಡೀನೋ ಯಪ್ಪಾ ಅಂತ ಇಷ್ಟು ವರ್ಷ ಕೊರಗೀನಿ. ನಮ್ಮವ್ವ ಸತ್ತಾಗ, ಸುಭಾಷ ಬರ್ತಾನ, ತಡೀರಿ ಅಂತ ಮಣ್ಣು ಮಾಡೂದು ಸಂಜಿ ತನಕ ನಿಲ್ಲಿಸಿದ್ದೆ."

ಸುಭಾಷ್ ಸಾಹುಕಾರರು ಅಲ್ಲೇ ಕಟ್ಟೆಯ ಅಂಚಿಗೆ ಕುಸಿದು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಬೀರೇಶರು ಅವರ ಬೆನ್ನ ಮೇಲೆ ಕೈಯಿಟ್ಟರು. ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು ಫರ್ಹೀನಳನ್ನು ನೋಡಿದರು.

"ನೀ ಒಳ್ಳೇದಕ್ಕೇ ಮಾಡಿದೆವಾ. ಆದ್ರ ಜಗಳ ನಮ್ಮದಿತ್ತು. ನಮ್ಮದು ನಮಗ ಮುಟ್ಟಬೇಕಿತ್ತು."

ಆ ಮಾತು ಅವಳ ಎದೆಗೇ ಬಂದು ನಾಟಿತು. ಪುಣ್ಯ ಪುಣ್ಯ ಎಂದು ಇಷ್ಟು ವರ್ಷ ಕೂಡಿಟ್ಟದ್ದು ಯಾರದ್ದೋ ಸ್ವತ್ತು. ಈ ಇಬ್ಬರ ನಡುವೆ ತನ್ನನ್ನು ದಾಟಿ ಏನೂ ಹೋಗಕೂಡದು ಎಂಬ ಆಸೆ ತನ್ನದು. ಹಾಗೆ ನೋಡಿದರೆ ಸವತಿಯ ಬುದ್ಧಿ ಫೋನಿಗೆಲ್ಲಿತ್ತು? ಇದ್ದದ್ದು ತನಗೇ. ಅದೂ ಫೋನು ಬರುವುದಕ್ಕೆ ಎಷ್ಟೋ ಮೊದಲಿನಿಂದ. ನಾಚಿಕೆಯಾಯಿತು, ಅಳು ಬಂತು, ಅತ್ತಳು.

ವಾಪಸು ಬರುವಾಗ ಸಿರವಾರದಲ್ಲಿ ಚಹಾಕ್ಕೆ ನಿಂತರು. ಸಾಹುಕಾರರು ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು, "ನಾಳಿ ಲಗೂನ ಬಾ. ಮದ್ವಿಗಿ ಅಕ್ಕಿ ನಮ್ಮ ಮಿಲ್ಲಿಂದೇ ಹೋಗೂದದ" ಅಂದರು. ಕುರ್ಚಿಯ ಮಾತು ಅಷ್ಟರಲ್ಲೇ ಮುಗಿಯಿತು.

ಮದುವೆ ಚೆನ್ನಾಗಿ ಆಯಿತು. ಅಕ್ಕಿಯೂ ಚೆನ್ನಾಗಿತ್ತು. ಆದರೆ ಊಟದ ಪಂಕ್ತಿಯಲ್ಲಿ ಬೀರೇಶರು, "ಈ ಸಲ ಗಂಡ ಹೆಂಡ್ತಿ ಬ್ಯಾರೆ ಬ್ಯಾರೆ ಇದ್ದಾರ ನೋಡ್ರಿ ಚೀಲದಾಗ" ಎಂದು ಬೀಗರ ಮುಂದೆ ನಗೆಯಾಡಿಬಿಟ್ಟರು. ಸುಭಾಷ್ ಸಾಹುಕಾರರು ಮರುದಿನ ಮಿಲ್ಲಿಗೆ ಬಂದವರೇ ಆ ಗೋಡೆಯಿಂದ ಈ ಗೋಡೆಗೆ ತಿರುಗಾಡತೊಡಗಿದರು. ಈಗ ಕೃಷ್ಣ ಆ ಫೋನಿಗೆ ಮೇಲ್ ಬರೆಯುವುದನ್ನೂ ಜೋಡಿಸಿಕೊಟ್ಟಿದ್ದ. ಬೈದರು, ಅದು ಬರೆದುಕೊಂಡಿತು. ಫರ್ಹೀನ್ ತನ್ನ ಕುರ್ಚಿಯಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು.

"ಈ ಮೇಲನ್ನು ಈಗಲೇ ಕಳುಹಿಸಲೇ, ಡ್ರಾಫ್ಟಿನಲ್ಲಿ ಇಡಲೇ?" ಎಂದಿತು ಫೋನು.

ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ತಾನು ಒಮ್ಮೆಯೂ ಕೇಳದ ಮಾತು. ನಿನ್ನೆ ಮೊನ್ನೆ ಬಂದದ್ದು ಮೊದಲ ಸಲಕ್ಕೇ ಕೇಳಿಬಿಟ್ಟಿತಲ್ಲ!

ಸಾಹುಕಾರರು ಅದಕ್ಕೆ ಉತ್ತರ ಕೊಡಲಿಲ್ಲ. ಫೋನು ಹಿಡಿದುಕೊಂಡೇ ಇವಳ ಕಡೆ ತಿರುಗಿದರು. "ಏನವಾ ಫರ್ಹೀನ್, ನೀ ಏನಂತಿ?"

ಅವಳು ಕನ್ನಡಕ ತೆಗೆದು ನಿಧಾನಕ್ಕೆ ಒರೆಸಿಕೊಂಡಳು. ದುಪಟ್ಟಾ ಸರಿಮಾಡಿಕೊಂಡಳು. ಸಾಹುಕಾರರು ಕಾದರು. ಫೋನೂ ಕಾಯಿತು.

"ಕಳಸ್ಬೇಕ್ರೀ" ಅಂದಳು. "ಆದ್ರ ಅದಕ್ಕ ಹೇಳಬ್ಯಾಡ್ರಿ. ಕೊಡ್ರಿ ಇಲ್ಲಿ, ನಾನೇ ಕಳಸ್ತೀನಿ."

ಕಳಿಸಿದಳು. ಹೋಯಿತೋ ಇಲ್ಲವೋ ಎಂದು ಇನ್ನೊಮ್ಮೆ ನೋಡಿದಳು. ಆಮೇಲೆ ಬಾಗಿಲಿಗೆ ಬಂದು, ಅಂಗಳ ಗುಡಿಸುತ್ತಿದ್ದವಳನ್ನು ಕೂಗಿದಳು:

"ಪಾರ್ವತೆಮ್ಮಾ, ಸಂಜಿ ಚಹಾಕ್ಕ ಹಾಲು ಹೆಚ್ಚಿಗಿ ತರಿಸು. ದೇವದುರ್ಗದ ಸಾವ್ಕಾರ್ರು ಜಗಳಕ್ಕ ಬರ್ತಾರ."